ಪೆಟ್ಟಿಗೆ ಕೊಳ್ಳುವ ಮೊದಲು ಚೀಟಿ ಬರೆಯೋಣ

ಕಳೆದ ಮಳೆಗಾಲದಲ್ಲಿ ಜೋಯಿಡಾ ಕಡೆಯ ನಮ್ಮ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು ಒಂದು ಸಣ್ಣ ಬೇಡಿಕೆ ಮುಂದಿಟ್ಟರು. ಅವರ ತೋಟದಲ್ಲಿ ಎಲೆಚುಕ್ಕಿ ರೋಗ ಮೊದಲು ಕಾಣಿಸಿಕೊಂಡಾಗ ನಮ್ಮ ಸಿಬ್ಬಂದಿ ಹೋಗಿ ಹತ್ತಿಪ್ಪತ್ತು ಫೋಟೋ ತೆಗೆದಿದ್ದರು. ಈಗ ತಜ್ಞರೊಬ್ಬರು ತೋಟ ನೋಡಲು ಬರುವವರಿದ್ದಾರೆ, ರೋಗ ಯಾವ ಮಗ್ಗುಲಿನಿಂದ ಶುರುವಾಗಿ ಎತ್ತ ಹಬ್ಬಿತೆಂದು ಅವರಿಗೆ ತೋರಿಸಬೇಕು, ಆ ಫೋಟೋಗಳನ್ನು ಕೊಡಿ. ಇಷ್ಟೇ ಅವರ ಕೇಳಿಕೆ.

ನಾವು ಮೂರು ದಿನ ಹುಡುಕಿದೆವು. ಕಚೇರಿಯ ಎರಡೂ ಕಂಪ್ಯೂಟರ್‌ಗಳನ್ನು ಜಾಲಾಡಿದೆವು. ಮೇಜಿನ ಖಾನೆಯಲ್ಲಿದ್ದ ಏಳು ಪೆನ್‌ಡ್ರೈವ್‌ಗಳನ್ನು ಒಂದೊಂದಾಗಿ ಹಾಕಿ ನೋಡಿದೆವು. ಅವುಗಳಲ್ಲಿ 'ಹೊಸದು', 'ಹೊಸದು 2', 'ಕೊನೆಯದು', 'ನಿಜವಾದ ಕೊನೆಯದು' ಎಂಬ ಹೆಸರಿನ ಫೋಲ್ಡರ್‌ಗಳಿದ್ದವು. ಮಹಾಸಭೆಯ ಫೋಟೋ, ಯಾರದೋ ಮನೆಯ ಉಪನಯನದ ಫೋಟೋ, ಗುರುತೇ ಹತ್ತದ ತೋಟಗಳ ಫೋಟೋ ಎಲ್ಲವೂ ಇದ್ದವು, ಬೇಕಾದದ್ದು ಇರಲಿಲ್ಲ. ಕೊನೆಗೆ ತಿಳಿದದ್ದೇನೆಂದರೆ, ಫೋಟೋ ತೆಗೆದ ಹುಡುಗ ಈಗ ಬೇರೆ ಊರಿನಲ್ಲಿ ಕೆಲಸಕ್ಕಿದ್ದಾನೆ. ಫೋಟೋಗಳಿದ್ದದ್ದು ಅವನ ಸ್ವಂತ ಫೋನಿನಲ್ಲಿ. ಆ ಫೋನು ಹಳ್ಳ ದಾಟುವಾಗ ನೀರಿಗೆ ಬಿದ್ದು ವರ್ಷ ಕಳೆದಿದೆ. ಸದಸ್ಯರು ನಮ್ಮನ್ನು ಬೈಯಲಿಲ್ಲ. "ಇರಲಿ ಬಿಡಿ, ನಾನಾದರೂ ಒಂದು ಪ್ರತಿ ಇಟ್ಟುಕೊಳ್ಳಬೇಕಿತ್ತು" ಎಂದು ಎದ್ದು ಹೋದರು. ಬೈದಿದ್ದರೆ ನಮಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಈ ಸಂಗತಿಯನ್ನು ಇಲ್ಲಿ ಹೇಳಲು ಕಾರಣವಿದೆ. ಬರುವ ವಾರ್ಷಿಕ ಮಹಾಸಭೆಯ ಮುಂದೆ ಒಂದು ಸಲಹೆ ಬರಲಿದೆ. ಸಂಘದ ಫೋಟೋ, ವಿಡಿಯೊ, ಧ್ವನಿಮುದ್ರಣಗಳನ್ನೆಲ್ಲ ಒಂದೆಡೆ ಇಡಲು ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಯೊಂದನ್ನು ಕೊಳ್ಳಬೇಕೆಂಬುದು ಆ ಸಲಹೆ. ಪೇಟೆಯಲ್ಲಿ ಇದನ್ನು 'ನ್ಯಾಸ್' ಎನ್ನುತ್ತಾರೆ. ಈಗಾಗಲೇ ಸದಸ್ಯರಲ್ಲಿ ಎರಡು ಮಾತು ಎದ್ದಿವೆ. ಅಡಿಕೆ ಮಾರುವ ಸಂಘಕ್ಕೆ ಫೋಟೋ ಪೆಟ್ಟಿಗೆ ಏತಕ್ಕೆ ಎಂದು ಕೆಲವರು ಕೇಳುತ್ತಿದ್ದಾರೆ. ಕೊಳ್ಳುವುದೇ ಆದರೆ ದೊಡ್ಡದನ್ನೇ ಕೊಳ್ಳೋಣ, ಮತ್ತೆ ಮತ್ತೆ ಖರ್ಚು ಬೇಡ ಎಂದು ಇನ್ನು ಕೆಲವರು ಹೇಳುತ್ತಿದ್ದಾರೆ. ನಮ್ಮ ಅಭಿಪ್ರಾಯ ಈ ಎರಡಕ್ಕೂ ಬೇರೆ. ಪೆಟ್ಟಿಗೆ ಬೇಕು, ಆದರೆ ಅದು ಚಿಕ್ಕದಿದ್ದರೆ ಸಾಕು. ಅದಕ್ಕೂ ಮೊದಲು, ಯಾವ ಫೋಟೋಗೆ ಏನು ಹೆಸರು, ಅದನ್ನು ಯಾರು ಬರೆಯಬೇಕು, ಎರಡನೆಯ ಪ್ರತಿ ಎಲ್ಲಿರಬೇಕು ಎಂಬ ಮೂರು ವಿಷಯ ನಿಶ್ಚಯವಾಗಬೇಕು. ಇವು ನಿಶ್ಚಯವಾಗದೆ ಪೆಟ್ಟಿಗೆ ತಂದರೆ, ಏಳು ಪೆನ್‌ಡ್ರೈವ್‌ಗಳ ಗೊಂದಲವನ್ನು ಒಂದೇ ದೊಡ್ಡ ಪೆಟ್ಟಿಗೆಗೆ ಸುರಿದಂತಾಗುತ್ತದೆ, ಅಷ್ಟೆ.

ಮೊದಲು, ಇದು ಸಂಘದ ಕೆಲಸವೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ತೋಟಗಳಲ್ಲಿ ಓಡಾಡಿ ಅಭ್ಯಾಸ ಮಾಡಿ, 1910ರಲ್ಲಿ ಅದರ ಬಗ್ಗೆ ವರದಿ ಪ್ರಕಟಿಸಿದರು. ನೂರು ವರ್ಷ ದಾಟಿದರೂ ಆ ವರದಿಯನ್ನು ಇಂದಿಗೂ ತೆರೆದು ಓದಬಹುದು. ಯಾಕೆಂದರೆ ಅದಕ್ಕೆ ಹೆಸರಿದೆ, ವರ್ಷವಿದೆ, ಗ್ರಂಥಾಲಯಗಳಲ್ಲಿ ಪ್ರತಿಗಳಿವೆ. 2022ರಿಂದೀಚೆಗೆ ಮಲೆನಾಡಿನ ತೋಟಗಳನ್ನು ಕಂಗೆಡಿಸಿದ ಎಲೆಚುಕ್ಕಿ ರೋಗದ ಬಗ್ಗೆ ನಾವು ತೆಗೆದ ಫೋಟೋ ಎರಡೇ ವರ್ಷದಲ್ಲಿ ಕಳೆದುಹೋಯಿತು. ನಮ್ಮ ಫೋನುಗಳು ಕೋಲ್ಮನ್ನರ ಕಾಲದ ಕ್ಯಾಮೆರಾಕ್ಕಿಂತ ನೂರು ಪಾಲು ಉತ್ತಮವಾಗಿವೆ; ನಮ್ಮ ಇಟ್ಟುಕೊಳ್ಳುವ ರೀತಿ ಮಾತ್ರ ಅವರಿಗಿಂತ ನೂರು ಪಾಲು ಕಡೆ.

ಫೋಟೋ ತೋರಿಸಿದ ಮಾತ್ರಕ್ಕೆ ವಿಮೆಯ ಹಣ ಬರುವುದಿಲ್ಲ ಎಂಬುದು ನಿಜ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ನಿಶ್ಚಯವಾಗುವುದು ಹವಾಮಾನದ ಲೆಕ್ಕದ ಮೇಲೆ. ಆದರೆ ಫಸಲ್ ವಿಮೆಯಲ್ಲಿ ಕೆಲವು ಬಗೆಯ ಬೆಳೆ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವಿದೆ; ಯಾವ ದಿನ ಹಾನಿಯಾಯಿತೆಂದು ತೋರಿಸುವ ಫೋಟೋ ಅಲ್ಲಿ ದೊಡ್ಡ ಆಸರೆ. ಸರ್ಕಾರದ ಬೆಳೆ ಸಮೀಕ್ಷೆಯ ಆ್ಯಪ್ ಕೂಡ ತೋಟದ ಫೋಟೋ ಕೇಳುತ್ತದೆ. ಪಹಣಿಯಲ್ಲಿ ಒಂದು ಬೆಳೆ, ನೆಲದಲ್ಲಿ ಇನ್ನೊಂದು ಬೆಳೆ ಎಂಬ ತಕರಾರು ಬಂದಾಗ ಹಿಂದಿನ ವರ್ಷಗಳ ಫೋಟೋ ಇದ್ದವನ ಮಾತಿಗೆ ಬಲ ಬರುತ್ತದೆ.

ಹಣದ ಲೆಕ್ಕಕ್ಕೆ ಸಿಗದ ಸಂಗತಿಗಳೂ ಇವೆ. ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಎಲ್ಲರೂ ಬಲ್ಲರು. ಆದರೆ ಅದು ಸರಿಯಾಗಿದೆಯೇ ಎಂದು ಮಸೆದ ಕತ್ತಿಯ ಅಲಗನ್ನು ಅದ್ದಿ, ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಹೇಳುವ ಹಿರಿಯರ ಕೈಯ ಅಂದಾಜನ್ನು ಪುಸ್ತಕ ಹೇಳಿಕೊಡಲಾರದು. ಐದು ನಿಮಿಷದ ವಿಡಿಯೊ ಹೇಳಿಕೊಟ್ಟೀತು. ಜೋಯಿಡಾದ ಕುಣಬಿ ಮನೆಗಳಲ್ಲಿ ಉಳಿದು ಬಂದಿರುವ ಗೆಡ್ಡೆ-ಗೆಣಸಿನ ತಳಿಗಳು, ಸೊಪ್ಪಿನ ಬೆಟ್ಟವನ್ನು ಕಾಯ್ದುಕೊಂಡ ಬಗೆ, ಮರವೇರುವ ಕೊನೆಗೌಡರ ಕೆಲಸ, ಇವೂ ಅಂಥವೇ. ಇನ್ನು ಸೂಪಾದ ಮಾತು. ಕಾಳಿ ಮತ್ತು ಪಾಂಢರಿ ನದಿಗಳು ಕೂಡುವಲ್ಲಿದ್ದ ಹಳೆಯ ಸೂಪಾ ಪೇಟೆ, ಗಣೇಶಗುಡಿಯ ಬಳಿ ಕಟ್ಟಿದ ಅಣೆಕಟ್ಟೆಯ ಹಿನ್ನೀರಿನಲ್ಲಿ 1980ರ ದಶಕದಲ್ಲಿ ಮುಳುಗಿತು. ಅಲ್ಲಿಂದ ಎದ್ದು ರಾಮನಗರ ಮೊದಲಾದ ಕಡೆ ನೆಲೆಸಿದ ಕುಟುಂಬಗಳ ಟ್ರಂಕುಗಳಲ್ಲಿ ಆ ಪೇಟೆಯ, ಮನೆಯಂಗಳದ, ತೋಟದ ಕಪ್ಪು-ಬಿಳುಪು ಫೋಟೋಗಳು ಇದ್ದರೆ ಅವು ವರ್ಷದಿಂದ ವರ್ಷಕ್ಕೆ ಮಾಸುತ್ತಿರುತ್ತವೆ. ಊರಂತೂ ಹೋಯಿತು. ಅದರ ಫೋಟೋವೂ ಹೋಗಬೇಕೆ?

ಆದ್ದರಿಂದ ಇದು ಸಂಘದ ಕೆಲಸವೇ ಹೌದು. ಈಗ ಚೀಟಿಯ ವಿಷಯಕ್ಕೆ ಬರೋಣ.

ನಮ್ಮ ಬೆಳೆಗಾರರಿಗೆ ಇದನ್ನು ವಿವರಿಸಲು ಹೊರಗಿನ ಉದಾಹರಣೆ ಬೇಕಿಲ್ಲ. ಅಟ್ಟದ ಮೇಲೆ ರಾಶಿ ಸುರಿದ ಅಡಿಕೆಗೆ ಯಾರೂ ದರ ಹೇಳುವುದಿಲ್ಲ. ಚಾಲಿ ಬೇರೆ, ಕೆಂಪಡಿಕೆ ಬೇರೆ, ಬೆಟ್ಟೆ ಬೇರೆ, ಗೋಟು ಬೇರೆ ಎಂದು ಆರಿಸಿ, ಚೀಲ ಕಟ್ಟಿ, ಚೀಲಕ್ಕೆ ಸದಸ್ಯರ ಗುರುತಿನ ಚೀಟಿ ಹಾಕಿದ ಮೇಲೆಯೇ ಅದು ವ್ಯಾಪಾರಕ್ಕೆ ನಿಲ್ಲುತ್ತದೆ. ಫೋಟೋ ರಾಶಿಗೂ ಇದೇ ನ್ಯಾಯ. ಹತ್ತು ಸಾವಿರ ಫೋಟೋ ಇದ್ದು, ಬೇಕಾದದ್ದು ಹತ್ತು ನಿಮಿಷದಲ್ಲಿ ಕೈಗೆ ಸಿಗದಿದ್ದರೆ ಅವು ಇದ್ದೂ ಇಲ್ಲದಂತೆ.

ಮುಂಡಗೋಡದ ಟಿಬೆಟನ್ ನೆಲೆಯನ್ನು ನೋಡಿದವರಿಗೆ ಇನ್ನೊಂದು ಉದಾಹರಣೆ ನೆನಪಾದೀತು. 1966ರಲ್ಲಿ ಆರಂಭವಾದ ಆ ನೆಲೆಯಲ್ಲಿ ಡ್ರೆಪುಂಗ್, ಗಾಂಡೆನ್ ಮಠಗಳಿವೆ. ಟಿಬೆಟನ್ನರ ಗ್ರಂಥಗಳು ನಮ್ಮ ತಾಳೆಗರಿ ಕಟ್ಟುಗಳಂತೆ ಬಿಡಿ ಹಾಳೆಗಳ ಉದ್ದನೆಯ ಕಟ್ಟುಗಳು. ಸಂಪ್ರದಾಯದಂತೆ ಒಂದೊಂದು ಕಟ್ಟನ್ನೂ ಬಟ್ಟೆಯಲ್ಲಿ ಸುತ್ತಿ ಹಲಗೆಯ ಮೇಲೆ ಜೋಡಿಸುತ್ತಾರೆ. ಹೊರಗೆ ಕಾಣುವ ತುದಿಗೆ ಒಂದು ಬಟ್ಟೆಯ ಚೀಟಿ ಇಳಿಬಿಟ್ಟಿರುತ್ತದೆ; ಗ್ರಂಥದ ಗುರುತು ಅದರ ಮೇಲೆ. ಕಟ್ಟು ಬಿಚ್ಚದೆಯೇ ಬೇಕಾದ ಗ್ರಂಥವನ್ನು ಎಳೆದುಕೊಳ್ಳಬಹುದು. ಅದೇ ಗ್ರಂಥ ಬೇರೆ ಬೇರೆ ಮಠಗಳಲ್ಲೂ ಇರುವುದರಿಂದ, ಒಂದು ಮಠ ನಾಶವಾದರೂ ಗ್ರಂಥ ಉಳಿಯುವ ಅವಕಾಶವಿತ್ತು. 1959ರ ನಂತರ ಅವರಿಗೆ ಒದಗಿದ ಕಷ್ಟದಲ್ಲಿ ಇದರ ಬೆಲೆ ತಿಳಿಯಿತು. ಮುಂದೆ ಅಮೆರಿಕದ ವಿದ್ವಾಂಸ ಜೀನ್ ಸ್ಮಿತ್ ಅವರು 1999ರಲ್ಲಿ ಕಟ್ಟಿದ ಸಂಸ್ಥೆ ಇಂಥ ಗ್ರಂಥಗಳನ್ನು ಸ್ಕ್ಯಾನ್ ಮಾಡುವಾಗಲೂ, ಹಾಳೆಗಳ ಚಿತ್ರ ಹಿಡಿಯುವುದರ ಜೊತೆಗೆ ಯಾವ ಗ್ರಂಥ, ಯಾರು ಬರೆದದ್ದು ಎಂಬ ಪಟ್ಟಿಯನ್ನೂ ಕಟ್ಟಿತು. ಚೀಟಿ ಮತ್ತು ಎರಡನೆಯ ಪ್ರತಿ, ಈ ಎರಡೇ ನಮಗೂ ಬೇಕಾದದ್ದು.

ನಮ್ಮ ಚೀಟಿ ಹೇಗಿರಬೇಕು? ಮೊದಲು ದಿನಾಂಕ, ಅದೂ ವರ್ಷ-ತಿಂಗಳು-ದಿನ ಈ ಕ್ರಮದಲ್ಲಿ. ಹೀಗೆ ಬರೆದರೆ ಕಂಪ್ಯೂಟರು ತಾನಾಗಿಯೇ ಹಳೆಯದರಿಂದ ಹೊಸದಕ್ಕೆ ಸಾಲಾಗಿ ಜೋಡಿಸುತ್ತದೆ. ಆಮೇಲೆ ತಾಲ್ಲೂಕು, ವಿಷಯ, ಸದಸ್ಯರ ಖಾತೆ ಸಂಖ್ಯೆ, ಕೊನೆಗೆ ಕ್ರಮಸಂಖ್ಯೆ. '2024-07-19_ಜೋಯಿಡಾ_ಎಲೆಚುಕ್ಕಿ_214_03' ಎಂದು ಓದಿದರೆ ಫೋಟೋ ತೆರೆಯದೆಯೇ ಅರ್ಧ ಸಂಗತಿ ತಿಳಿಯುತ್ತದೆ. ಸದಸ್ಯರ ಹೆಸರಿಗೆ ಬದಲು ಸಂಖ್ಯೆ ಹಾಕುವುದು ಮರ್ಯಾದೆಯ ದೃಷ್ಟಿಯಿಂದಲೂ ಒಳ್ಳೆಯದು. ಯಾರ ತೋಟಕ್ಕೆ ರೋಗ ಬಂದಿದೆಯೆಂಬುದು ದಾರಿಹೋಕರಿಗೆಲ್ಲ ತಿಳಿಯಬೇಕಾಗಿಲ್ಲ.

ಊರ ಹೆಸರಿನ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ವಿಶೇಷ ತೊಡಕಿದೆ. ಜೋಯಿಡಾ ತಾಲ್ಲೂಕು ಹಳೆಯ ಕಾಗದಗಳಲ್ಲಿ ಸೂಪಾ ತಾಲ್ಲೂಕು. ಅದನ್ನೇ ಒಬ್ಬರು ಜೋಯಿಡಾ ಎಂದೂ ಇನ್ನೊಬ್ಬರು ಜೊಯಿಡಾ ಎಂದೂ ಬರೆಯುತ್ತಾರೆ. ದಾಂಡೇಲಿ ಪ್ರತ್ಯೇಕ ತಾಲ್ಲೂಕಾಗುವ ಮೊದಲು ಹಳಿಯಾಳ ತಾಲ್ಲೂಕಿನಲ್ಲಿತ್ತು; ಹಾಗಾಗಿ ದಾಂಡೇಲಿಯ ಹಳೆಯ ದಾಖಲೆ ಹಳಿಯಾಳದ ಕಟ್ಟಿನಲ್ಲಿ ಸಿಗುತ್ತದೆ. ಮನುಷ್ಯನಿಗೆ ಇದು ಅರ್ಥವಾಗುತ್ತದೆ, ಯಂತ್ರಕ್ಕೆ ಆಗುವುದಿಲ್ಲ. ಹ್ರಸ್ವ-ದೀರ್ಘ ಒಂದು ತಪ್ಪಿದರೂ 'ಏನೂ ಸಿಗಲಿಲ್ಲ' ಎಂದು ಅದು ಉತ್ತರ ಕೊಡುತ್ತದೆ. ಆದ್ದರಿಂದ ಊರು, ಬೆಳೆ, ರೋಗಗಳ ಹೆಸರುಗಳನ್ನು ಒಂದೇ ಬಗೆಯಲ್ಲಿ ಬರೆದು ನಾಲ್ಕೂ ಕಡೆಯ ಕಚೇರಿಗಳ ಗೋಡೆಗೆ ಅಂಟಿಸಬೇಕು. ಬರಹ ಯೂನಿಕೋಡ್ ಕನ್ನಡದಲ್ಲೇ ಇರಬೇಕು. ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತಗಳು ಬೇರೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುವುದನ್ನು ನಾವೆಲ್ಲ ಕಂಡಿದ್ದೇವೆ.

ಫೋಲ್ಡರುಗಳನ್ನು ವರ್ಷವಾರು ಮಾಡಿದರೆ ಸಾಕು. ಒಂದರೊಳಗೆ ಒಂದರಂತೆ ಹತ್ತು ಮಾಡುವುದು ಬೇಡ. ಒಂದು ಅಡಿಕೆ ಒಂದೇ ಸಮಯಕ್ಕೆ ಎರಡು ಚೀಲದಲ್ಲಿ ಇರಲಾರದು. ಆದರೆ ಒಂದು ಫೋಟೋಗೆ ಹತ್ತು ಗುರುತು ಅಂಟಿಸಬಹುದು. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬುಡದಲ್ಲಿ ಕಾಫಿ ಗಿಡ ಇರುವ ಫೋಟೋಗೆ 'ಅಡಿಕೆ', 'ಮೆಣಸು', 'ಕಾಫಿ', 'ಮಿಶ್ರ ಬೆಳೆ' ಎಂದು ನಾಲ್ಕು ಗುರುತು. ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶದಿಂದ ಈ ಕೆಲಸ ಮಾಡಬಹುದು. ಗುರುತುಗಳನ್ನು ಫೋಟೋದ ಒಳಗೇ ಬರೆದಿಡುವಂತೆ ಅದರಲ್ಲಿ ಹೊಂದಿಸಿಕೊಳ್ಳಬೇಕು. ಆಗ ನಾಳೆ ತಂತ್ರಾಂಶ ಬದಲಾದರೂ, ಪೆಟ್ಟಿಗೆಯ ಕಂಪನಿ ಬದಲಾದರೂ ಚೀಟಿ ಫೋಟೋದ ಜೊತೆಗೇ ಹೋಗುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ. ತೋಟದಿಂದ ಫೋಟೋಗಳನ್ನು ವಾಟ್ಸಾಪ್ ಗುಂಪಿಗೆ ಹಾಕಿ ಸಂಘಕ್ಕೆ ಮುಟ್ಟಿತೆಂದು ಸುಮ್ಮನಾಗುವುದು ರೂಢಿಯಾಗಿದೆ. ಹಾಗೆ ಕಳುಹಿಸಿದ ಫೋಟೋ ಕುಗ್ಗುತ್ತದೆ. ಯಾವಾಗ, ಎಲ್ಲಿ ತೆಗೆದದ್ದೆಂದು ಫೋನು ಅದರೊಳಗೆ ಬರೆದಿಟ್ಟ ವಿವರವೂ ಅಳಿದುಹೋಗುತ್ತದೆ. ಎಲೆಯ ಮೇಲಿನ ಸಣ್ಣ ಚುಕ್ಕೆಯನ್ನು ದೊಡ್ಡದು ಮಾಡಿ ನೋಡಬೇಕೆಂದರೆ ಮಸುಕು ಮಾತ್ರ ಕಾಣುತ್ತದೆ. ಕಳುಹಿಸಲೇಬೇಕಿದ್ದರೆ 'ಡಾಕ್ಯುಮೆಂಟ್' ಎಂಬ ದಾರಿಯಲ್ಲಿ ಕಳುಹಿಸಬೇಕು. ಇಲ್ಲವೇ ಕಚೇರಿಗೆ ಬಂದಾಗ ವೈರು ಹಾಕಿ ಇಳಿಸಬೇಕು.

ಈಗ ಪೆಟ್ಟಿಗೆ. ಇದು ಹಾರ್ಡ್ ಡಿಸ್ಕುಗಳನ್ನು ಕೂರಿಸುವ ಖಾನೆಗಳಿರುವ ಒಂದು ಸಣ್ಣ ಕಂಪ್ಯೂಟರು. ಕಚೇರಿಯ ರೂಟರಿಗೆ ವೈರಿನಿಂದ ಜೋಡಿಸಿದರೆ ಎಲ್ಲ ಕಂಪ್ಯೂಟರುಗಳಿಗೂ ಫೋನುಗಳಿಗೂ ಅದೊಂದು ಸಾಮೂಹಿಕ ಉಗ್ರಾಣವಾಗುತ್ತದೆ. ಐವರು ಸಿಬ್ಬಂದಿಯೂ ಅದೇ ಫೋಟೋವನ್ನು ನೋಡಬಹುದು. ಯಾರ ಫೋನು ನೀರಿಗೆ ಬಿದ್ದರೂ ಸಂಘದ ಸೊತ್ತು ಉಳಿಯುತ್ತದೆ.

ಇಂಟರ್‌ನೆಟ್ಟಿನ ಕ್ಲೌಡಿನಲ್ಲೇ ಯಾಕೆ ಇಡಬಾರದು ಎಂದು ಯುವ ಸದಸ್ಯರು ಕೇಳುತ್ತಾರೆ. ಕೇಳುವುದು ನ್ಯಾಯವೇ. ಒಂದು ಲೆಕ್ಕ ಹಾಕೋಣ. ಒಂದು ಫೋಟೋ ಸುಮಾರು 4 ಎಂಬಿ ಎಂದರೆ 20,000 ಫೋಟೋಗೆ 80 ಜಿಬಿ. ಸಾಧಾರಣ ಗುಣಮಟ್ಟದ ವಿಡಿಯೊ ಗಂಟೆಗೆ ಸುಮಾರು 8 ಜಿಬಿ ಎಂದರೆ 60 ಗಂಟೆಗೆ 480 ಜಿಬಿ. ಧ್ವನಿಮುದ್ರಣ, ಹಳೆಯ ಪುಸ್ತಕಗಳ ಸ್ಕ್ಯಾನ್ ಸೇರಿ 600 ಜಿಬಿ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 10 ಮೆಗಾಬಿಟ್ ಏರಿಸುವ ಇಂಟರ್‌ನೆಟ್ಟಿನಲ್ಲಿ ಇಷ್ಟನ್ನು ಕಳುಹಿಸಲು ಹಗಲೂ ರಾತ್ರಿ ನಿಲ್ಲದೆ ಐದೂವರೆ ದಿನ ಬೇಕು. ಮಳೆಗಾಲದ ಜೋಯಿಡಾದಲ್ಲಿ ಐದೂವರೆ ಗಂಟೆ ಕರೆಂಟು ನಿಂತರೆ ಅದೇ ಪುಣ್ಯ. ಅದೇ 600 ಜಿಬಿ ಕಚೇರಿಯೊಳಗಿನ ಗಿಗಾಬಿಟ್ ವೈರಿನಲ್ಲಿ ಎರಡು ಗಂಟೆಯೊಳಗೆ ಪೆಟ್ಟಿಗೆ ಸೇರುತ್ತದೆ. ಮೇಲಾಗಿ ಕ್ಲೌಡಿಗೆ ವರ್ಷವರ್ಷವೂ ಬಾಡಿಗೆ. ಬಿಟ್ಟಿಯೆಂದು ನಂಬಿದ್ದ ಗೂಗಲ್ ಫೋಟೋಸಿನ ಮಿತಿಯಿಲ್ಲದ ಸೌಲಭ್ಯ 2021ರ ಜೂನ್ 1ಕ್ಕೆ ಮುಗಿದದ್ದನ್ನು ಮರೆಯಬಾರದು. ಆದರೂ ಕ್ಲೌಡನ್ನು ಪೂರ್ತಿ ತಳ್ಳಿಹಾಕುವುದು ಬೇಡ. ಅತಿ ಮುಖ್ಯವಾದ ನಾಲ್ಕೈದು ನೂರು ಫೋಟೋ, ಕಾಗದಪತ್ರಗಳ ಒಂದು ಪ್ರತಿ ಅಲ್ಲಿಯೂ ಇರಲಿ.

ಪೆಟ್ಟಿಗೆ ಎಷ್ಟು ದೊಡ್ಡದು? ಮೇಲಿನ ಲೆಕ್ಕಕ್ಕೆ ವರ್ಷಕ್ಕೆ 250 ಜಿಬಿ ಸೇರಿಸುತ್ತ ಹೋದರೂ ಐದು ವರ್ಷದಲ್ಲಿ 2 ಟಿಬಿ ದಾಟುವುದಿಲ್ಲ. ಎರಡು ಖಾನೆಯ ಪೆಟ್ಟಿಗೆ, ಅದರಲ್ಲಿ 4 ಟಿಬಿಯ ಎರಡು ಡಿಸ್ಕು, ಒಂದರ ಪಡಿಯಚ್ಚು ಇನ್ನೊಂದು ಎಂಬಂತೆ ಹೊಂದಿಸಿದರೆ ಬಳಕೆಗೆ 4 ಟಿಬಿ ಸಿಗುತ್ತದೆ. ಇಷ್ಟು ನಮಗೆ ಧಾರಾಳ. ನಾಲ್ಕು ಖಾನೆಯದು ವಿಡಿಯೊವನ್ನೇ ಕಸುಬು ಮಾಡಿಕೊಂಡವರಿಗೆ. ಡಿಸ್ಕು ಕೊಳ್ಳುವಾಗ ದಿನವಿಡೀ ಓಡಲೆಂದು ತಯಾರಾದ, 'ಸಿಎಂಆರ್' ಎಂದು ನಮೂದಿಸಿದ ಬಗೆಯದನ್ನೇ ಕೇಳಬೇಕು. ಇನ್ನೊಂದು ಬಗೆಯ 'ಎಸ್‌ಎಂಆರ್' ಡಿಸ್ಕುಗಳು ಇಂಥ ಪೆಟ್ಟಿಗೆಯಲ್ಲಿ ಪಡಿಯಚ್ಚನ್ನು ಮತ್ತೆ ಕಟ್ಟುವಾಗ ತೀರ ನಿಧಾನವಾಗುತ್ತವೆ. ಹಳೆಯ ಕಂಪ್ಯೂಟರಿಗೆ ಟ್ರೂನ್ಯಾಸ್, ಓಪನ್‌ಮೀಡಿಯಾವಾಲ್ಟ್‌ನಂಥ ಉಚಿತ ತಂತ್ರಾಂಶ ಹಾಕಿದರೆ ದುಡ್ಡು ಉಳಿಯುತ್ತದೆಂಬ ವಾದವೂ ಬಂದಿದೆ. ವಾದ ಸುಳ್ಳಲ್ಲ. ಆದರೆ ಅದನ್ನು ನೋಡಿಕೊಳ್ಳಬಲ್ಲವನು ಒಬ್ಬನೇ ಆಗಿರುತ್ತಾನೆ. ಅವನು ಬೇರೆ ಊರಿಗೆ ಹೋದ ದಿನ ನಾವು ಮತ್ತೆ ನೀರಿಗೆ ಬಿದ್ದ ಫೋನಿನ ಕತೆಗೇ ಬಂದು ನಿಲ್ಲುತ್ತೇವೆ. ನಾಲ್ವರು ನಡೆಸಬಲ್ಲ ಸರಳ ಪೆಟ್ಟಿಗೆಯೇ ಸಂಘಕ್ಕೆ ತಕ್ಕದ್ದು.

ಅತ್ಯಂತ ಮುಖ್ಯವಾದ ಮಾತು ಇನ್ನು ಮುಂದಿದೆ. ಎರಡು ಡಿಸ್ಕುಗಳ ಪಡಿಯಚ್ಚನ್ನು ಕಂಡು ಎರಡು ಪ್ರತಿ ಇದೆಯೆಂದು ನಿಶ್ಚಿಂತರಾಗಬಾರದು. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಕಾಯುತ್ತದೆ, ನಿಜ. ಆದರೆ ಯಾರೋ ತಪ್ಪಿ ಒಂದು ಫೋಲ್ಡರು ಅಳಿಸಿದರೆ ಅದೇ ಕ್ಷಣ ಎರಡರಲ್ಲೂ ಅಳಿಯುತ್ತದೆ. ಸಿಡಿಲು ಹೊಡೆದರೆ, ಕಳ್ಳ ಹೊತ್ತೊಯ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ 'ಟಾಯ್ ಸ್ಟೋರಿ 2' ಚಿತ್ರ ತಯಾರಾಗುತ್ತಿದ್ದಾಗ, ಒಂದು ತಪ್ಪು ಆಜ್ಞೆಯಿಂದ ಚಿತ್ರದ ಕಡತಗಳು ಅಳಿಯತೊಡಗಿದವು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆ ಹಸುಗೂಸಿನ ಕಾರಣ ಮನೆಯಿಂದಲೇ ಕೆಲಸ ಮಾಡಲೆಂದು ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಬಹುಪಾಲು ಕೆಲಸ ಉಳಿದದ್ದು ಅದರಿಂದ. ಅಷ್ಟು ದೊಡ್ಡ ಸಂಸ್ಥೆಯನ್ನು ಕಾಪಾಡಿದ್ದು ಬೇರೆ ಕಟ್ಟಡದಲ್ಲಿದ್ದ ಒಂದು ಪ್ರತಿ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಸೂತ್ರ ನೆನಪಿಡಲು ಸುಲಭ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ನಮಗೆ ಇದು ಕಷ್ಟವಲ್ಲ. ಪೆಟ್ಟಿಗೆ ದಾಂಡೇಲಿಯ ಕಚೇರಿಯಲ್ಲಿರಲಿ. ಕಿಸೆಯಲ್ಲಿ ಹಿಡಿಯುವ ಎರಡು ಡಿಸ್ಕುಗಳನ್ನು ಕೊಳ್ಳಲಿ. ಒಂದು ದಾಂಡೇಲಿಯಲ್ಲಿ ಹೊಸ ಪ್ರತಿ ತುಂಬಿಕೊಳ್ಳುತ್ತಿರಲಿ, ಇನ್ನೊಂದು ಮುಂಡಗೋಡದ ಶಾಖೆಯ ಕಪಾಟಿನಲ್ಲಿರಲಿ. ತಿಂಗಳ ಸಭೆಗೆ ಹೋಗುವವರು ಅದನ್ನು ಇಟ್ಟು ಇದನ್ನು ತರಲಿ. ಕಾಳಿ ಕೊಳ್ಳದ ಮಳೆ, ಸಿಡಿಲು ಒಂದೇ ದಿನ ಮುಂಡಗೋಡದ ಕಪಾಟನ್ನೂ ಮುಟ್ಟುವುದು ಅಪರೂಪ. ಆರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಹತ್ತು ಫೋಟೋಗಳನ್ನು ತೆರೆದು ನೋಡಿ, ತೆರೆದವೆಂದು ಪುಸ್ತಕದಲ್ಲಿ ಸಹಿ ಹಾಕಬೇಕು. ಕಾಣದ ಬ್ಯಾಕಪ್ಪನ್ನು ನಂಬುವುದು ತೂಗದ ಅಡಿಕೆಗೆ ರಶೀದಿ ಬರೆದ ಹಾಗೆ.

ನಮ್ಮ ಹವೆಗೆ ತಕ್ಕ ಜಾಗ್ರತೆಗಳೂ ಬೇಕು. ಯುಪಿಎಸ್ ಇಲ್ಲದೆ ಪೆಟ್ಟಿಗೆ ಚಾಲೂ ಮಾಡಬಾರದು. ಅದೂ, ಬ್ಯಾಟರಿ ಮುಗಿಯುತ್ತ ಬಂದಾಗ ಪೆಟ್ಟಿಗೆಗೆ ಸೂಚನೆ ಕೊಟ್ಟು ತಾನಾಗಿ ನಿಲ್ಲಿಸುವ ಬಗೆಯದಾಗಿರಬೇಕು. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಬೇಕು. ಗುಡುಗು ಶುರುವಾದರೆ ಕರೆಂಟಿನ ಪ್ಲಗ್ಗಿನ ಜೊತೆಗೆ ತಾಮ್ರದ ನೆಟ್‌ವರ್ಕ್ ವೈರನ್ನೂ ಕೀಳಬೇಕು. ಸಿಡಿಲು ಆ ದಾರಿಯಿಂದಲೂ ಬರುತ್ತದೆ. ಕಪಾಟಿನ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಬೇಕು. ಅಡಿಕೆಗೆ ಬೂಷ್ಟು ಹಿಡಿಯುವ ಕಾಲದಲ್ಲಿ ಡಿಸ್ಕಿಗೂ ಥಂಡಿ ಒಳ್ಳೆಯದಲ್ಲ. ಇನ್ನೊಂದು ಮುಖ್ಯ ಸಂಗತಿ, ಹೊರಗಿನಿಂದ ನೋಡುವ ಅನುಕೂಲಕ್ಕೆಂದು ಪೆಟ್ಟಿಗೆಯ ಬಾಗಿಲನ್ನು ಇಂಟರ್‌ನೆಟ್ಟಿಗೆ ನೇರವಾಗಿ ತೆರೆದಿಡಬಾರದು. 2022ರಲ್ಲಿ 'ಡೆಡ್‌ಬೋಲ್ಟ್' ಎಂಬ ದಾಳಿ, ಹಾಗೆ ತೆರೆದಿಟ್ಟಿದ್ದ ಇಂಥ ಸಾವಿರಾರು ಪೆಟ್ಟಿಗೆಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳಿತು. ಎಲ್ಲರಿಗೂ ನೋಡುವ ಅಧಿಕಾರವಿರಲಿ. ಅಳಿಸುವ ಅಧಿಕಾರ ಕಾರ್ಯದರ್ಶಿಗಳಿಗೂ ಇನ್ನೊಬ್ಬರಿಗೂ ಮಾತ್ರ ಇರಲಿ.

ಫೋಟೋದಲ್ಲಿರುವವರ ವಿಷಯವನ್ನೂ ಇಲ್ಲಿ ಹೇಳಿಬಿಡಬೇಕು. ಅಡಿಕೆ ಸುಲಿಯಲು ಬಂದ ಹೆಂಗಸರನ್ನು, ಸಿದ್ದಿ, ಕುಣಬಿ, ಗೌಳಿ ಮನೆಗಳವರನ್ನು ಕೇಳದೆ ಫೋಟೋ ತೆಗೆದು ಸಂಚಿಕೆಯಲ್ಲಿ ಹಾಕುವ ರೂಢಿ ನಮ್ಮಲ್ಲೂ ಇತ್ತು. ಅದು ನಿಲ್ಲಬೇಕು. ಕೇಳಿ ತೆಗೆಯಬೇಕು, ಒಪ್ಪಿದರೆಂದು ಚೀಟಿಯಲ್ಲಿ ಬರೆಯಬೇಕು, ಅವರಿಗೂ ಒಂದು ಪ್ರತಿ ಕೊಡಬೇಕು. ಬೇಡವೆಂದರೆ ತೆಗೆಯಬಾರದು. ಹಿರಿಯರು ಹೇಳಿದ ಔಷಧಿ, ತಳಿಗಳ ಧ್ವನಿಮುದ್ರಣವನ್ನು ಅವರ ಮನೆಯವರನ್ನು ಕೇಳದೆ ಹೊರಗಿನವರಿಗೆ ಕೊಡಬಾರದು. ಪೆಟ್ಟಿಗೆ ಸಂಘದ್ದಾದರೂ ಅದರೊಳಗಿನ ಮಾತು ಆಡಿದವರದೇ.

ಹೀಗಾಗಿ ಮಹಾಸಭೆಯ ಸಲಹೆಗೆ ನಮ್ಮ ಬೆಂಬಲವಿದೆ, ಆದರೆ ಷರತ್ತುಗಳೊಡನೆ. ಎರಡು ಖಾನೆಯ ಪೆಟ್ಟಿಗೆಗೆ ಮಂಜೂರಾತಿ ಕೊಡೋಣ. ದೊಡ್ಡ ಪೆಟ್ಟಿಗೆ ಬೇಡವೆಂದದ್ದರಿಂದ ಉಳಿಯುವ ಹಣದಲ್ಲಿ ಯುಪಿಎಸ್ ಮತ್ತು ಮುಂಡಗೋಡದ ಪ್ರತಿಗೆ ಬೇಕಾದ ಡಿಸ್ಕುಗಳನ್ನು ಕೊಳ್ಳೋಣ. ಐದು ವರ್ಷದ ನಂತರ ಡಿಸ್ಕು ಬದಲಿಸಲು ವರ್ಷವರ್ಷವೂ ಸ್ವಲ್ಪ ಎತ್ತಿಡೋಣ. ಎಲ್ಲಕ್ಕಿಂತ ಮೊದಲು, ಒಬ್ಬರನ್ನು ಹೆಸರು ಹಿಡಿದು ಈ ಕೆಲಸಕ್ಕೆ ನೇಮಿಸಿ, ವಾರಕ್ಕೆ ಅರ್ಧ ದಿನ ಇದಕ್ಕೇ ಮೀಸಲಿಡೋಣ; ಅವರ ಪಕ್ಕದಲ್ಲಿ ಇನ್ನೊಬ್ಬರು ಕಲಿಯುತ್ತಿರಲಿ. ಪೆಟ್ಟಿಗೆ ಬರುವ ತನಕ ಕಾಯಬೇಕಾಗಿಲ್ಲ. ಚೀಟಿ ಬರೆಯುವ ಕೆಲಸವನ್ನು ಈಗಿರುವ ಕಂಪ್ಯೂಟರಿನಲ್ಲೇ, ಈಗಿರುವ ಏಳು ಪೆನ್‌ಡ್ರೈವುಗಳಿಂದಲೇ ನಾಳೆ ಶುರು ಮಾಡಬಹುದು. ಮೂರು ತಿಂಗಳು ಅದು ನಡೆದರೆ ಪೆಟ್ಟಿಗೆ ತರಿಸೋಣ. ನಡೆಯದಿದ್ದರೆ ಪೆಟ್ಟಿಗೆ ತಂದೂ ಪ್ರಯೋಜನವಿಲ್ಲವೆಂದು ತಿಳಿದು, ಸದಸ್ಯರ ಹಣವಾದರೂ ಉಳಿಯುತ್ತದೆ.

ಸದಸ್ಯ ಬಾಂಧವರಲ್ಲಿ ಒಂದು ವಿನಂತಿ. ಮಹಾಸಭೆಗೆ ಬರುವಾಗ ಮನೆಯಲ್ಲಿರುವ ಹಳೆಯ ತೋಟದ ಫೋಟೋ, ಮುಳುಗಿದ ಸೂಪಾದ ಫೋಟೋ ಇದ್ದರೆ ತನ್ನಿ. ಅಲ್ಲಿಯೇ ಪ್ರತಿ ತೆಗೆದು ಮೂಲವನ್ನು ನಿಮ್ಮ ಕೈಗೇ ಕೊಡುತ್ತೇವೆ. ಫೋಟೋದಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಎಂದು ಹೇಳಬಲ್ಲ ಹಿರಿಯರನ್ನೂ ಜೊತೆಗೆ ಕರೆತನ್ನಿ.

ಜೋಯಿಡಾದ ಆ ಸದಸ್ಯರ ತೋಟಕ್ಕೆ ನಾವು ಮತ್ತೆ ಹೋಗಿ ಬಂದೆವು. ಅದೇ ಸಾಲಿನ ಅದೇ ಮರಗಳನ್ನು ಅವರೇ ತೋರಿಸಿದರು. ಫೋಟೋ ತೆಗೆದು, ದಿನಾಂಕ, ಊರು, ಖಾತೆ ಸಂಖ್ಯೆ ಬರೆದು, ಒಂದು ಪ್ರತಿಯನ್ನು ಅವರಿಗೂ ಕೊಟ್ಟಿದ್ದೇವೆ. ರೋಗ ಶುರುವಾದಾಗಿನ ಫೋಟೋಗಳನ್ನು ಮಾತ್ರ ಇನ್ನು ಯಾರೂ ಕೊಡಲಾರರು.